ನೆನೆಕ್ ತೋಪಿಗೆ ಮೂರನೇ ತರಗತಿ

ಮಕ್ಕಳಿಗೆ ಏನಾದರೂ ಕಲಿಸಲು ಹೊರಟಾಗಲೆಲ್ಲ ನನಗೆ ಹೀಗೇ ಆಗುತ್ತದೆ. ಪಾಠ ಒಂದು ಕಡೆ ಹೋಗುತ್ತದೆ, ಮಕ್ಕಳು ಒಂದು ಕಡೆ. ನಾನು ನಡುವೆ ನಿಂತಿರುತ್ತೇನೆ.

ಮಲಯ್ ನಾಡಿನ ರಾಜಧಾನಿಯ ಮಾಂಟ್ ಕಿಯಾರಾ ಬಡಾವಣೆಯ ಒಂದು ಶಾಲೆಯಲ್ಲಿ ಮೂರನೇ ತರಗತಿಯ ಮೇಷ್ಟ್ರು ನಾನು. ಹನ್ನೊಂದು ವರ್ಷವಾಯಿತು. ಈ ದೇಶದ ಮೂಲನಿವಾಸಿಗಳನ್ನು ಒರಾಂಗ್ ಅಸ್ಲಿ ಎನ್ನುತ್ತಾರೆ. ನಮ್ಮ ಪುಸ್ತಕದಲ್ಲಿ ಅವರಿಗೆ ಒಂದೇ ಪುಟ. ಬೇಟೆಯ ಊದುಕೊಳವೆ ಹಿಡಿದವನ ಚಿತ್ರ ಒಂದು. ಪ್ರತಿ ವರ್ಷ ಮಕ್ಕಳದ್ದು ಒಂದೇ ಉತ್ತರ: ‘ಅವರು ಕಾಡಿನಲ್ಲಿ ಇರುತ್ತಾರೆ. ಸಂತೋಷವಾಗಿ ಇರುತ್ತಾರೆ.’ ಅದಕ್ಕೆ ಹತ್ತಕ್ಕೆ ಹತ್ತು ಕೊಟ್ಟೂ ಕೊಟ್ಟೂ ನನಗೇ ನಾಚಿಕೆಯಾಗಿತ್ತು.

ಈ ವರ್ಷ ಅವರಲ್ಲೇ ತೆಮುವಾನ್ ಎಂಬ ಪಂಗಡದ ಒಬ್ಬ ಮುದುಕಿಯನ್ನು ತರಗತಿಗೆ ಕರೆದೆ. ಆಕೆಯ ಊರು ಇಲ್ಲಿಂದ ಒಂದು ಗಂಟೆಯ ದಾರಿ. ಎಲ್ಲರೂ ಆಕೆಯನ್ನು ನೆನೆಕ್ ಎನ್ನುತ್ತಾರೆ, ಅಂದರೆ ಅಜ್ಜಿ. ಹಿರಿಯರು ನೆಟ್ಟ ಡುರಿಯನ್ ಹಣ್ಣಿನ ತೋಪು ಆಕೆಯದು. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಬೇಕು ಎಂದು ನನ್ನ ಆಸೆ. ನೆನೆಕ್ ತಕ್ಷಣ ಒಪ್ಪಲಿಲ್ಲ. ಹಿಂದೆ ಯಾವುದೋ ಶಾಲೆಯವರು ಬಂದು, ಸಸಿಗಳನ್ನು ತುಳಿದು, ಎಸಿ ಎಲ್ಲಿದೆ ಎಂದು ಕೇಳಿ ಹೋಗಿದ್ದರಂತೆ.

“ಮೂರು ಸಲ ನಾನೇ ಬರ್ತೀನಿ ಚಿಕ್ಗು,” ಎಂದರು. ಇಲ್ಲಿ ಮೇಷ್ಟ್ರಿಗೆ ಚಿಕ್ಗು ಎನ್ನುವುದು. “ತಮ್ಮ ಜಾಗವೇ ಗೊತ್ತಿಲ್ಲದವರು ನನ್ನ ಜಾಗಕ್ಕೆ ಬಂದು ಏನು ನೋಡ್ತಾರೆ? ಕರೀತೀನೋ ಇಲ್ಲವೋ, ಮೂರನೇ ಸಲ ಹೇಳ್ತೀನಿ.”

ಹೋಗುವುದು ಖಚಿತ ಎಂದು ಅಷ್ಟರಲ್ಲಿ ನಾನು ಮುಖ್ಯೋಪಾಧ್ಯಾಯಿನಿಗೆ ಹೇಳಿಯಾಗಿತ್ತು. ಬಸ್ಸೂ ಗೊತ್ತುಮಾಡಿಯಾಗಿತ್ತು.

೧. ಹಿರಿಯರ ಜಾಗ

ಮೊದಲ ದಿನ ನೆನೆಕ್ ಬೋರ್ಡಿನ ಮೇಲೆ ತಮ್ಮ ನೆಲ ಬರೆದರು. ಹೊಳೆ, ತಾತ ನೆಟ್ಟ ಮರ, ತಾತನ ಸಮಾಧಿ, ಹಂದಿ ಇಳಿಯುವ ದಾರಿ. “ಈಗ ನಿಮ್ಮದು ಬರೀರಿ,” ಎಂದರು.

ನಮ್ಮ ಮಕ್ಕಳು ಇಪ್ಪತ್ತು, ಇಪ್ಪತ್ತೈದನೇ ಮಹಡಿಯವು. ಮುಕ್ಕಾಲು ಚಿತ್ರಗಳಲ್ಲಿ ಲಿಫ್ಟ್ ಇತ್ತು. ಒಬ್ಬ ಮಾತ್ರ ಕಾರು ನಿಲ್ಲಿಸುವ ಜಾಗ ಬರೆದಿದ್ದ. ಚೌಕ, ಅದರೊಳಗೆ ನಂಬರು.

ನೆನೆಕ್ ಬಗ್ಗಿ ನೋಡಿದರು. “ಇಲ್ಲಿ ಯಾರಿರೋದು?”

“ಅಪ್ಪನ ಕಾರು.”

“ಅದಕ್ಕೆ ಮೊದಲು ಯಾರಿದ್ದರು?”

ಹುಡುಗ ಯೋಚಿಸಿದ. “ಅಪ್ಪನ ಹಳೇ ಕಾರು.”

ನಾನು ತಲೆ ತಗ್ಗಿಸಿದೆ. ಬಸ್ಸು ಬೇಡ ಎಂದು ಯಾರಿಗೆ ಫೋನ್ ಮಾಡಬೇಕು ಎಂದು ಯೋಚಿಸುತ್ತಿದ್ದೆ.

ನೆನೆಕ್ ಚಿತ್ರವನ್ನು ಮೇಲಕ್ಕೆತ್ತಿ ಎಲ್ಲರಿಗೂ ತೋರಿಸಿದರು. “ನೋಡಿ, ಇವರು ಎರಡು ತಲೆಮಾರಿನಿಂದ ಒಂದೇ ಕಡೆ ಇದ್ದಾರೆ.”

೨. ಅಪ್ಪಣೆ

ಅದೇ ದಿನ ಊರಿಗೆ ಹೊರಡುವ ಮುಂಚೆ ನೆನೆಕ್ ಒಂದು ಪದ್ಧತಿ ಹೇಳಿಕೊಟ್ಟರು. ಕಾಡಿಗೆ ಸುಮ್ಮನೆ ನುಗ್ಗಬಾರದು. ಹೊರಗೆ ನಿಂತು ನಾನು ಯಾರು, ಯಾವ ಅಜ್ಜಿಯ ಮೊಮ್ಮಗು, ಏಕೆ ಬಂದೆ ಎಂದು ಹೇಳಬೇಕು. ಸ್ವಲ್ಪ ಕಾಯಬೇಕು. ಆಮೇಲೆ ಕಾಲಿಡಬೇಕು.

ಮರುದಿನ ಶಾಲೆಯ ಶೌಚಾಲಯದ ಮುಂದೆ ದೊಡ್ಡ ಸಾಲು. ಒಬ್ಬೊಬ್ಬರೂ ಬಾಗಿಲಲ್ಲಿ ನಿಂತು, ಅಜ್ಜಿಯ ಹೆಸರು ಹೇಳಿ, ಬಂದ ಕಾರಣ ವಿವರಿಸಿ, ಕಾದು ಒಳಗೆ ಹೋಗುತ್ತಿದ್ದರು. ಕಾಯಲಾಗದ ಒಂದನೇ ತರಗತಿಯವನೊಬ್ಬ ಅಳುತ್ತಿದ್ದ.

ಸಂಜೆ ಫೋನ್ ಬಂತು. ಮೈಸೂರಿನವರು, ನನ್ನ ತರಗತಿಯ ಒಬ್ಬ ಹುಡುಗಿಯ ತಾಯಿ.

“ಸರ್, ಇವಳು ಲಿಫ್ಟ್ ಮುಂದೆ ನಿಂತ್ಕೊಂಡು ಅಜ್ಜಿ ಹೆಸರು ಹೇಳ್ತಾಳೆ. ಲಿಫ್ಟ್ ಹೊರಟುಹೋಗುತ್ತೆ. ಮತ್ತೆ ಬಟನ್ ಒತ್ತಿ, ಮತ್ತೆ ಹೇಳ್ತಾಳೆ.”

“ನಿಲ್ಲಿಸು ಅಂತ ಹೇಳ್ತೀನಮ್ಮ.”

“ನಿಲ್ಲಿಸೋದು ಬೇಡ ಸರ್. ಒಳ್ಳೇ ಪದ್ಧತಿ. ಆದರೆ ದಿನಾ ನಮ್ಮತ್ತೆ ಹೆಸರೇ ಆಯ್ತು. ಇಳಿಯೋವಾಗಲಾದ್ರೂ ನಮ್ಮಮ್ಮನ ಹೆಸರು ಹೇಳೋಕೆ ಹೇಳಿ.”

೩. ಮಳೆಯ ಗುರುತು

ಎರಡನೇ ಸಲ ಬಂದಾಗ ನೆನೆಕ್ ಕೇಳಿದರು: “ನಮ್ಮಲ್ಲಿ ಇರುವೆಗಳು ಮೊಟ್ಟೆ ಹೊತ್ತು ಮೇಲೆ ಹತ್ತಿದರೆ ಮಳೆ. ನಿಮ್ಮಲ್ಲಿ ಹೇಗೆ ಗೊತ್ತಾಗುತ್ತೆ?”

“ಫೋನಲ್ಲಿ,” ಎಂದು ಇಡೀ ತರಗತಿ ಒಟ್ಟಿಗೆ ಹೇಳಿತು.

ನೆನೆಕ್ ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

ಆ ಮೈಸೂರಿನವರ ಮಗಳು ಕೈ ಎತ್ತಿದಳು. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಇಲ್ಲೂ ಇಂಗ್ಲಿಷಿನಲ್ಲೇ ಹೇಳಿದಳು: ಊಟ ತಂದುಕೊಡುವ ಬೈಕಿನ ಅಂಕಲ್‌ಗಳು ಫ್ಲೈಓವರ್ ಕೆಳಗೆ ಗಾಡಿ ನಿಲ್ಲಿಸಿ ರೇನ್‌ಕೋಟ್ ಹಾಕಿಕೊಂಡರೆ, ಹತ್ತು ನಿಮಿಷಕ್ಕೆ ಮಳೆ. ಕಿಟಕಿಯಿಂದ ದಿನಾ ನೋಡುತ್ತಾಳಂತೆ.

ನಾನು ಮಲಯ್ ಭಾಷೆಗೆ ತಿರುಗಿಸಿ ಹೇಳಿದೆ. ನೆನೆಕ್ ಕಿಟಕಿಯ ಹತ್ತಿರ ಹೋದರು. “ಈಗೇನು ಮಾಡ್ತಿದ್ದಾರೆ ನೋಡು.”

ಹುಡುಗಿ ನೋಡಿದಳು. “ನಿಲ್ಲಿಸಿದ್ದಾರೆ. ಕೋಟು ಹಾಕ್ತಿದ್ದಾರೆ.”

“ಇವತ್ತು ಮಳೆ ಇಲ್ಲ,” ಎಂದೆ ನಾನು. “ಬೆಳಿಗ್ಗೆ ಫೋನಿನಲ್ಲಿ ನೋಡಿದ್ದೇನೆ.”

ಹತ್ತು ನಿಮಿಷಕ್ಕೆ ಸರಿಯಾಗಿ ಸುರಿಯಿತು. ಮೈದಾನದಲ್ಲಿ ಆಗ ಶಾಲೆಯ ಕ್ರೀಡಾಕೂಟ ಶುರುವಾಗುವುದಿತ್ತು. ದಿನ ಗೊತ್ತುಮಾಡಿಕೊಟ್ಟವನು ನಾನೇ.

೪. ಫಲಿತಾಂಶ

ಮೂರನೇ ಸಲ ನೆನೆಕ್ ಒಂದೇ ಪ್ರಶ್ನೆ ತಂದಿದ್ದರು. ಗೇಟಿನಿಂದ ತರಗತಿಯವರೆಗೆ ಏನೇನಿದೆ? ಮುಖ್ಯೋಪಾಧ್ಯಾಯಿನಿಯೂ ಬಂದು ಬಾಗಿಲಲ್ಲಿ ನಿಂತರು.

ಮಕ್ಕಳು ಹೇಳತೊಡಗಿದವು. ಕಾವಲುಗಾರನ ಕುರ್ಚಿಯ ಕೆಳಗೆ ಕಿವಿ ಹರಿದ ಬೆಕ್ಕು. ದೀಪದ ಗೂಡಿನಲ್ಲಿ ಮೈನಾ. ಮೆಟ್ಟಿಲ ಸಂದಿಯಲ್ಲಿ ಮುಟ್ಟಿದರೆ ಮುನಿ. ಇಷ್ಟೆಲ್ಲ ಅಲ್ಲಿದೆಯೇ ಎಂದು ನನಗೇ ಆಶ್ಚರ್ಯ. ನೆನೆಕ್ ತಲೆಯಾಡಿಸುತ್ತಿದ್ದರು. ಗೆದ್ದೆ ಎಂದುಕೊಂಡೆ.

ಆಗ ಆಕೆ ನನ್ನತ್ತ ತಿರುಗಿದರು. “ಚಿಕ್ಗು, ಗೇಟಿನ ಪಕ್ಕದ ಮರ ಯಾವುದು?”

“ದೊಡ್ಡದು.”

“ಹೂ ಬಿಡುತ್ತಾ?”

“ಬಿಡುತ್ತೆ.”

“ಯಾವ ಬಣ್ಣ?”

“ಹಸಿರು.”

ಇಡೀ ತರಗತಿ ಹಣೆ ಚಚ್ಚಿಕೊಂಡಿತು. “ಹಳದಿ ಸರ್,” ಎಂದ ಕಾರಿನ ಜಾಗ ಬರೆದ ಹುಡುಗ. “ಅಂಗ್ಸಾನಾ ಮರ. ಅದರ ಕೆಳಗೇ ನಿಮ್ಮ ಕಾರು ನಿಲ್ಲೋದು. ಗಾಜಿನ ಮೇಲಿಂದ ಆ ಹೂ ಒರೆಸಿಕೊಂಡೇ ನೀವು ಮನೆಗೆ ಹೋಗೋದು.”

ನೆನೆಕ್ ತೀರ್ಪು ಕೊಟ್ಟರು. “ಮಕ್ಕಳು ಶನಿವಾರ ಬರಲಿ. ಈ ಚಿಕ್ಗುದು ಮಾತ್ರ ಕಷ್ಟ.”

“ಅವರನ್ನು ಕರೆದುಕೊಂಡು ಬರಬೇಕಾದವನು ನಾನು,” ಎಂದೆ.

“ಬೇಡ. ಅವರೇ ನಿಮ್ಮನ್ನು ಕರ್ಕೊಂಡು ಬರಲಿ.”

ಹನ್ನೊಂದು ವರ್ಷದಲ್ಲಿ ಮುಖ್ಯೋಪಾಧ್ಯಾಯಿನಿ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅಂದು ಗೋಡೆ ಹಿಡಿದು ನಕ್ಕರು. ಮಕ್ಕಳಿಗೆ ಹಂಚಿದ ಒಪ್ಪಿಗೆ ಪತ್ರದಲ್ಲಿ ನನಗೂ ಒಂದು ಕೊಟ್ಟರು. ಪೋಷಕರ ಸಹಿ ಬೇಕಂತೆ.

ಮನೆಯಲ್ಲಿ ಹೆಂಡತಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. “ಸರಿ, ಹೋಗ್ಬನ್ನಿ,” ಎಂದು ತುಂಬಿ ಸಹಿ ಹಾಕಿದಳು. ನಾನು ಓದಲಿಲ್ಲ. ಶನಿವಾರ ಬಸ್ಸು ಹೊರಟ ಮೇಲೆ, ಜೊತೆಗೆ ಬಂದಿದ್ದ ಮುಖ್ಯೋಪಾಧ್ಯಾಯಿನಿ ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು. ‘ಈ ಮಗುವಿನ ಬಗ್ಗೆ ವಹಿಸಬೇಕಾದ ವಿಶೇಷ ಎಚ್ಚರಿಕೆ’ ಎಂಬ ಕಡೆ ಹೀಗೆ ಬರೆದಿತ್ತು:

‘ನಡೆಯುತ್ತಾ ನಡೆಯುತ್ತಾ ನಿಂತುಬಿಡುತ್ತಾರೆ. ಏನೋ ನೋಡುತ್ತಿದ್ದಾರೆ ಎಂದು ಕಾಯಬೇಡಿ. ಏನೂ ನೋಡುತ್ತಿರುವುದಿಲ್ಲ.’