ದಾಸವಾಳಕ್ಕೆ ದೋಣಿಯ ಎಣ್ಣೆ

"ಈ ಹುಳಗಳ ಸಂತಾನ ಮುಂದಿನ ವಾರಕ್ಕೂ ಉಳಿದರೆ ನನ್ನ ಹೆಸರು ಸ್ಟ್ಯಾನಿಸ್ಲಾಸ್ ಅಲ್ಲ!" ಎಂದು ನಾನು ಅಂಗಳದ ಮಧ್ಯೆ ನಿಂತು ಘೋಷಿಸಿದೆ. ಕೇಳಿಸಿಕೊಂಡವರು ನನ್ನ ಹೆಂಡತಿ ಲೊರ್ನಾ, ಬೇಲಿಯಾಚೆಯ ಸೋಫಿಯಾ ಬಾಯಿ, ಮತ್ತು ದಾಸವಾಳದ ಗಿಡದ ಮೇಲೆ ಸಂಸಾರ ಹೂಡಿದ್ದ ಲಕ್ಷಾಂತರ ಬಿಳಿ ಹುಳಗಳು. ಯಾರೂ ಬೆದರಿದಂತೆ ಕಾಣಲಿಲ್ಲ.

"ಹೊಸ ಹೆಸರು ಈಗಲೇ ಯೋಚಿಸಿ ಇಡಿ," ಎಂದಳು ಲೊರ್ನಾ.

ವಿಷಯ ಇಷ್ಟೆ. ಸೆಪ್ಟೆಂಬರ್ ಎಂಟರಂದು ನಮಗೆ ಮೊಂತಿ ಹಬ್ಬ, ಮಾತೆ ಮರಿಯಮ್ಮನ ಹುಟ್ಟಿದ ದಿನ. ಇಗರ್ಜಿಯಲ್ಲಿ ಮಕ್ಕಳು ತಟ್ಟೆ ತುಂಬ ಹೂ ತಂದು ಬಾಲ ಮರಿಯಮ್ಮನ ಮೂರ್ತಿಗೆ ಎರಚುತ್ತಾರೆ. ಮನೆಯಲ್ಲಿ ಹೊಸ ಭತ್ತದ ತೆನೆಯ ಊಟ. ಮೀನಿಲ್ಲದೆ ಬೆಳಗಾಗದ ನಾವು ಕೂಡ ಆ ದಿನ ಬಾಳೆಲೆಯ ಮೇಲೆ ಬರೀ ತರಕಾರಿ ಬಡಿಸಿಕೊಂಡು ಸಾಧುಗಳಾಗುತ್ತೇವೆ. ನಮ್ಮ ವಾಡೆಯ, ಅಂದರೆ ಇಗರ್ಜಿಗೆ ಸೇರಿದ ನಮ್ಮ ಕೇರಿಯ, ಮಕ್ಕಳಿಗೆ ಹೂ ಕೊಡುವ ಗೌರವ ಎಷ್ಟೋ ವರ್ಷಗಳಿಂದ ಸೋಫಿಯಾ ಬಾಯಿಯದ್ದು. ಎಂಬತ್ತೆರಡನೇ ಇಸವಿಯಲ್ಲಿ ಲೊರ್ನಾ ವಾಡೆಯ ಸಭೆಯಲ್ಲಿ ಎದ್ದು ನಿಂತು, "ಈ ಸಲ ಹೂ ನಮ್ಮ ಮನೆಯದ್ದು," ಎಂದುಬಿಟ್ಟಳು. ಅದನ್ನು ಹುಳಗಳು ಕೇಳಿಸಿಕೊಂಡಿರಬೇಕು. ಮರುವಾರ ಗಿಡಕ್ಕೆ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಮುತ್ತಿಕೊಂಡವು!

"ಎಲ್ಲರ ಎದುರು ಹೇಳಿ ಆಗಿದೆ ಮಾರಾಯ್ರೆ," ಲೊರ್ನಾಳ ದನಿ ಸಣ್ಣದಾಯಿತು. "ಹೂ ಬಿಡದಿದ್ದರೆ ನಾನು ತಟ್ಟೆ ಹಿಡ್ಕೊಂಡು ಸೋಫಿಯಾ ಬಾಯಿಯ ಬಾಗಿಲಿಗೆ ಹೋಗ್ಬೇಕು. ನಾನು ಸಾಬೂನು ನೀರು ಹಾಕಿ ಉಜ್ಜುತ್ತೇನೆ, ಆಗದಾ?"

ಸಾಬೂನು ನೀರು! ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನ ಮನೆಯಲ್ಲಿ ಸಾಬೂನು ನೀರು! ಹುಳಗಳು ಮೈಮೇಲಿನ ಸಣ್ಣ ರಂಧ್ರಗಳಿಂದ ಉಸಿರಾಡುತ್ತವೆ, ಎಣ್ಣೆ ಬಳಿದರೆ ಉಸಿರುಕಟ್ಟಿ ಸಾಯುತ್ತವೆ ಎಂದು ನಾನು ಆಕೆಗೆ ಅರ್ಧ ಗಂಟೆ ವಿವರಿಸಿದೆ. ಅಷ್ಟರಲ್ಲಿ ಉಸಿರುಕಟ್ಟಿದ್ದು ಆಕೆಗೆ. ತೆಂಗಿನೆಣ್ಣೆಯ ಡಬ್ಬಿಯನ್ನು ಮಾತ್ರ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ನಾನು ಸೈಕಲ್ ಹತ್ತಿ ಕಾಪು ಕಡಲ ಬದಿಗೆ ಹೋದೆ. ಅಲ್ಲಿ ಪರಿಚಯದ ಕರುಣಾಕರ ತನ್ನ ದೋಣಿಗೆ ಮೀನೆಣ್ಣೆ ಬಳಿಯುತ್ತಿದ್ದ. ಬೂತಾಯಿ ಮೀನು ಬೇಯಿಸಿ ತೆಗೆದ ಎಣ್ಣೆ. ಮರಕ್ಕೆ ಹುಳ ಹಿಡಿಯದಂತೆ, ನೀರು ಇಳಿಯದಂತೆ ಕಾಯುವ ದಿವ್ಯೌಷಧ!

"ಮಾಸ್ಟ್ರು ದೋಣಿ ತಕೊಂಡ್ರಾ?" ಎಂದ ಕರುಣಾಕರ.

"ಇಲ್ಲ ಮಾರಾಯ, ದಾಸವಾಳಕ್ಕೆ ಬೇಕಿತ್ತು."

ಅವನು ಬಳಿಯುವುದನ್ನು ನಿಲ್ಲಿಸಿದ. "ದಾಸವಾಳವನ್ನು ಎಷ್ಟು ಆಳಕ್ಕೆ ಕೊಂಡು ಹೋಗ್ತೀರಿ?"

"ತಮಾಷೆ ಬೇಡ. ಮಳೆಗೆ ತೊಳೆದು ಹೋಗದಂಥದ್ದು ಕೊಡು."

"ಹಾಗಾದ್ರೆ ರಾಳ ಹಾಕಿ ಕಾಯಿಸಿದ್ದು ಉಂಟು. ಸಮುದ್ರದ ನೀರಿಗೇ ಹೋಗುವುದಿಲ್ಲ, ಮಳೆಗೆ ಹೋಗ್ತದಾ?"

ಆ ಮಾತು ಕೇಳಿ ನಾನು ಹಿಗ್ಗಿದೆ. ಈಗ ನೆನೆದರೆ ಮೈ ನಡುಗುತ್ತದೆ!

ಸೊಳ್ಳೆಗೆ ಹೊಡೆಯುವ ಫ್ಲಿಟ್ ಪಂಪಿಗೆ ಎಣ್ಣೆ ತುಂಬಿಸಿ, ತಲೆಗೆ ಮುಂಡಾಸು ಸುತ್ತಿ, ಯುದ್ಧಕ್ಕಿಳಿದೆ. ಗಾಳಿ ತಿರುಗಿದಾಗ ಅರ್ಧ ಪಾಲು ನನಗೇ ಬಿತ್ತು. ವೀರನಾದವನಿಗೆ ಗಾಯ ಸಹಜ. ಎರಡೇ ದಿನದಲ್ಲಿ ಹುಳಗಳ ಸಾಮ್ರಾಜ್ಯ ನೆಲಸಮ! ಗಿಡ ಬಂದರಿನಂತೆ ನಾರುತ್ತಿತ್ತು, ನಿಜ. ಊರಿನ ಬೆಕ್ಕುಗಳೆಲ್ಲ ಅದರ ಬುಡದಲ್ಲಿ ಮಹಾಸಭೆ ನಡೆಸಿದವು. ಪೋಸ್ಟ್‌ಮ್ಯಾನ್ ಶೇಖರ ಗೇಟಿನಲ್ಲೇ ಮೂಗೆತ್ತಿ, "ಇವತ್ತು ಭಾರೀ ಬೂತಾಯಿ ಉಂಟಲ್ಲ ಮಾಸ್ಟ್ರೇ!" ಎಂದ. ಆದರೆ ಗಿಡದ ತುಂಬ ಮೊಗ್ಗು! ಎಲೆಗಿಂತ ಮೊಗ್ಗೇ ಹೆಚ್ಚು!

"ನೀವು ಗೆದ್ದಿರಿ," ಲೊರ್ನಾಳ ಮುಖ ಅರಳಿತು. "ಇನ್ನು ಒಂದು ತೊಟ್ಟು ಹಾಕಿದರೂ ನೋಡಿ ಮತ್ತೆ!"

ಅಲ್ಲಿಗೆ ನಿಲ್ಲಿಸಬೇಕಿತ್ತು. ಹಬ್ಬದ ಮುನ್ನಾ ದಿನ ಸಂಜೆ ಒಂದು ಮೊಗ್ಗಿನ ಮೇಲೆ ಒಂದೇ ಒಂದು ಹುಳ ಕಂಡಿತು. ಒಂಟಿ ಹುಳ, ವಯಸ್ಸಾದದ್ದು. ಲೊರ್ನಾ ಅಡುಗೆಮನೆಯಲ್ಲಿದ್ದಳು. ನಾನು ಪಂಪು ಎತ್ತಿಕೊಂಡು ಇಡೀ ಗಿಡಕ್ಕೆ, ಮೊಗ್ಗು ಮೊಗ್ಗಿಗೆ, ಅಂತಿಮ ಸ್ನಾನ ಮಾಡಿಸಿಬಿಟ್ಟೆ.

ಬೆಳಿಗ್ಗೆ ಕೆಂಪಗೆ ಅರಳಿದ ಹೂಗಳನ್ನು ಬುಟ್ಟಿಗೆ ಕೊಯ್ದ ಲೊರ್ನಾ ಮೂಸಿ ನೋಡಿ ಕೂಗಿದಳು: "ಇದು ದಾಸವಾಳವಾ, ಬಂಗುಡೆಯಾ?"

ನೀರಿಗೆ ಹಾಕಿದೆವು, ವಾಸನೆ ಹೋಗಲಿಲ್ಲ. ಕರುಣಾಕರನ ಮಾತು ಸುಳ್ಳಾಗುವುದುಂಟೇ? ಲೊರ್ನಾಳ ಕಣ್ಣು ತುಂಬಿತು. ಬೇರೆ ಹೂವಿಗೆ ಸಮಯವಿರಲಿಲ್ಲ, ಸೋಫಿಯಾ ಬಾಯಿಯ ಬಾಗಿಲೊಂದನ್ನು ಬಿಟ್ಟರೆ ದಾರಿಯೂ ಇರಲಿಲ್ಲ. ಆಗ ನನ್ನ ವಿಜ್ಞಾನ ಮತ್ತೊಮ್ಮೆ ಮಿಂಚಿತು! ರಜೆಗೆ ಬಂದಿದ್ದ ಆಕೆಯ ತಮ್ಮ ಪ್ಯಾಟ್ರಿಕ್ ಬಹರೈನಿನಿಂದ ತಂದಿದ್ದ ಸೆಂಟಿನ ಬಾಟ್ಲಿಯನ್ನು ಬುಟ್ಟಿಗೆ ಪೂರ್ತಿ ಸುರಿದೆ.

"ಭಾವ, ಅದು ನನ್ನ ಮದುವೆಗೆ ಇಟ್ಟದ್ದು!" ಪ್ಯಾಟ್ರಿಕ್ ಚೀರಿದ.

"ಹುಡುಗಿ ಸಿಗಲಿ ಮೊದಲು!" ಎಂದು ಬಾಯಿ ಮುಚ್ಚಿಸಿದೆ.

ಇಗರ್ಜಿಯ ಅಂಗಳದಲ್ಲಿ ನಮ್ಮ ಹೂವಿನದ್ದೇ ಮಾತು. ವಾಡೆಯ ಮುಖ್ಯಸ್ಥ, ಗುರಿಕಾರ ಬೆಂಜಮಿನ್, "ಎಂಥ ಪರಿಮಳ ಮಾಸ್ಟ್ರೇ!" ಎಂದ. ನಾನು ಎದೆಯುಬ್ಬಿಸಿ, ಕಂಡಕಂಡವರಿಗೆಲ್ಲ, "ನಮ್ಮದೇ ಗಿಡ, ನನ್ನದೇ ಔಷಧ," ಎಂದು ಸಾರಿದೆ. ನನ್ನ ಆ ಬಾಯಿಗೂ ಯಾರಾದರೂ ಬೀಗ ಹಾಕಬಾರದಿತ್ತೇ?

ಪೂಜೆ ಶುರುವಾಯಿತು. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ, ಸಾಲುಸಾಲು ಮೇಣದ ಬತ್ತಿ, ಸೆಕೆ. ಸೆಂಟು ಎಷ್ಟಾದರೂ ಪರದೇಶಿ, ಮೆಲ್ಲನೆ ಎದ್ದು ಹೋಯಿತು. ಬೂತಾಯಿ ಊರಿನದ್ದು, ಉಳಿಯಿತು!

ಮೊದಲು ಮುಂದಿನ ಸಾಲಿನ ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ದುರುಗುಟ್ಟಿ ನೋಡಿದರು. ಸೋಫಿಯಾ ಬಾಯಿ ಮೂಗಿಗೆ ಕರ್ಚೀಫು ಹಿಡಿದಳು. ಹೂವಿನ ತಟ್ಟೆ ಹಿಡಿದ ಮಕ್ಕಳು ಮುಖ ತಿರುಗಿಸಿಕೊಂಡೇ ಸಾಲಾಗಿ ನಿಂತರು. ಫಾದರ್ ಬಗ್ಗಿ ಒಂದು ದಾಸವಾಳ ಎತ್ತಿ ಮೂಸಿದರು.

"ಇದು ಯಾರ ಮನೆಯ ಹೂ?"

ಇಡೀ ಇಗರ್ಜಿ ನನ್ನತ್ತ ತಿರುಗಿತು. ನಾನೂ ಹಿಂದಕ್ಕೆ ತಿರುಗಿ ನೋಡಿದೆ. ಹಿಂದೆ ಗೋಡೆ ಮಾತ್ರ ಇತ್ತು. ಹೆಂಗಸರ ಕಡೆಯಲ್ಲಿ ಲೊರ್ನಾ ತಲೆ ತಗ್ಗಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ನಾನು ಒಂದು ಹೆಜ್ಜೆ ಮುಂದೆ ಬಂದೆ.

"ನಮ್ಮದು, ಫಾದರ್," ಎಂದೆ. "ಹೂ ನನ್ನ ಹೆಂಡತಿಯದ್ದು. ವಾಸನೆ ನನ್ನದು."

ಫಾದರ್ ತುಟಿ ಬಿಗಿಹಿಡಿದರು. ಹಿಡಿದದ್ದು ನಿಲ್ಲದೆ ನಕ್ಕೇಬಿಟ್ಟರು. "ಯೇಸುವಿನ ಶಿಷ್ಯ ಸಂತ ಪೇತ್ರರು ಮೀನು ಹಿಡಿಯುವವರೇ ಅಲ್ವಾ? ಈ ವಾಸನೆ ಮಾತೆಗೆ ಹೊಸತಲ್ಲ. ಮಕ್ಕಳೇ, ಹೂ ಹಾಕಿ!"

ಜನವೆಲ್ಲ ನಕ್ಕರು, ಮಕ್ಕಳು ತಟ್ಟೆ ಖಾಲಿ ಮಾಡಿದರು, ಬಾಲ ಮರಿಯಮ್ಮ ಕೆಂಪು ದಾಸವಾಳದಲ್ಲಿ ಕುತ್ತಿಗೆಯವರೆಗೆ ಮುಳುಗಿದಳು. ಹೊರಗೆ ಬಂದ ಮೇಲೆ ಸೋಫಿಯಾ ಬಾಯಿ ಲೊರ್ನಾಳ ಕೈ ಹಿಡಿದು, "ಇಷ್ಟು ಹೂ ನನ್ನ ಗಿಡ ಯಾವತ್ತೂ ಬಿಟ್ಟದ್ದಿಲ್ಲ. ನೆಡಲಿಕ್ಕೆ ಒಂದು ಗೆಲ್ಲು ಕೊಡು. ಎಣ್ಣೆ ಬೇಡ," ಎಂದಳು. ಲೊರ್ನಾಳ ತಲೆ ಎದ್ದಿತು. ನನ್ನಿಂದ ಮಾತ್ರ ಹತ್ತು ಮಾರು ಮುಂದೆಯೇ ನಡೆದು ಮನೆ ಸೇರಿದಳು.

ಮಧ್ಯಾಹ್ನ ಊಟಕ್ಕೆ ಕೂತೆವು. ಹೀರೆ, ಬೆಂಡೆ, ಅಲಸಂಡೆ, ಕೆಸುವಿನ ದಂಟು. ಬಡಿಸುತ್ತ ಬಂದ ಲೊರ್ನಾ ನನ್ನ ಹತ್ತಿರ ನಿಂತು, ಒಮ್ಮೆ ಮೂಸಿ, ನನ್ನ ಎಲೆಯನ್ನು ಅನ್ನ ಸಮೇತ ಎತ್ತಿದಳು.

"ಎಂತ ಮಾಡ್ತಿ?"

"ಇವತ್ತು ಪಂಕ್ತಿಯಲ್ಲಿ ಮೀನು ಕೂಡದು. ನಿಮ್ಮ ಊಟ ಜಗಲಿಯಲ್ಲಿ."

ಎಲೆಯನ್ನು ಜಗಲಿಯಲ್ಲಿಟ್ಟು ತಿರುಗುವಾಗ ಆಕೆಯ ಹೆಗಲು ಕುಲುಕುತ್ತಿತ್ತು. ನಗು ತಡೆಯಲಾಗದೆ ಬಾಗಿಲು ಹಿಡಿದು ನಿಂತಳು. ಅಷ್ಟು ಸಾಕಾಯಿತು ನನಗೆ. ಒಬ್ಬನೇ ಕೂತು ಅಲಸಂಡೆ ಕಲಸಿಕೊಂಡೆ.

ಸ್ವಲ್ಪ ಹೊತ್ತಿನಲ್ಲಿ ಪ್ಯಾಟ್ರಿಕ್ ತನ್ನ ಎಲೆ ಹಿಡಿದುಕೊಂಡು ಬಂದು, ನನಗೆ ಒತ್ತಿಕೊಂಡೇ ಕೂತ. ಪಾಪ, ಜೊತೆ ಕೊಡಲು ಬಂದ ಎಂದು ನನ್ನ ಮನಸ್ಸು ಕರಗಿತು. ಅವನು ನನ್ನ ತೋಳಿನ ಬಳಿ ಮೂಗು ತಂದು, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದು, ದೊಡ್ಡದೊಂದು ತುತ್ತು ಬಾಯಿಗಿಟ್ಟ.

"ಭಾವ, ಸ್ವಲ್ಪ ಕೈ ಈ ಕಡೆ ಇಡಿ," ಎಂದ. "ಇನ್ನೂ ಅರ್ಧ ಅನ್ನ ಬಾಕಿ ಉಂಟು!"