ಕರಿಯ ನೀರಿಗೆ ಹಾರಿದ ಮೇಲೆ

ಮಾನ್ಯ ವಾಚಕ ಮಹಾಶಯರೇ, ತಮ್ಮ ಸನ್ನಿಧಿಯಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ಈ ಕಥಾನಕದಲ್ಲಿ ಕೊಲೆಯಿಲ್ಲ, ಗುಪ್ತನಿಧಿಯಿಲ್ಲ, ಮುಸುಕುಧಾರಿ ಸುಂದರಿಯೂ ಇಲ್ಲ. ಇರುವುದು ಒಂದು ಗ್ರಂಥಾಲಯ, ಒಂದು ದವಡೆ ಹಲ್ಲು ಮತ್ತು ಬೆರಳುಗುರಿನಷ್ಟಗಲದ ಒಂದು ಹಸಿರು ಚುಕ್ಕಿ. ಈ ಮೂರರಲ್ಲಿ ಅತ್ಯಂತ ಅಪಾಯಕಾರಿಯಾದುದು ಚುಕ್ಕಿಯೇ ಆದುದರಿಂದ ಅಲ್ಲಿಂದಲೇ ಆರಂಭಿಸತಕ್ಕದ್ದು.

ಆ ಗ್ರಂಥಾಲಯದ ಮಕ್ಕಳ ಕೊಠಡಿಯಲ್ಲಿ ಕಿಟಕಿಯ ಪಕ್ಕದ ಗೋಡೆಯುದ್ದಕ್ಕೂ ಪ್ರಾಣಿಗಳ ಕತೆಪುಸ್ತಕಗಳ ಕಪಾಟು. ನಾಯಿಗಳಿಗೆ ಮೂರು ಸಾಲು, ಬೆಕ್ಕುಗಳಿಗೆ ಒಂದು, ಕುದುರೆ ಕತ್ತೆಗಳಿಗೆ ಒಂದು, ಆನೆಯಿಂದ ಅಳಿಲಿನವರೆಗಿನ ಮಿಕ್ಕವರಿಗೆಲ್ಲ ಸೇರಿ ಒಂದು; ಒಟ್ಟು ನಾನೂರ ಹನ್ನೆರಡು ಪುಸ್ತಕಗಳು. ಅವನ್ನು ಒಯ್ಯಲು ಬರುವ ತಂದೆತಾಯಿಯರು ಬೆಲೆ ಕೇಳುವವರಂತೆ ತಗ್ಗಿದ ದನಿಯಲ್ಲಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಕೊನೇಲಿ ನಾಯಿ ಬದುಕುತ್ತಾ?" ದಿನಕ್ಕೆ ಹತ್ತು ಬಾರಿ ಇದಕ್ಕೆ ಉತ್ತರಿಸಿ ಬೇಸತ್ತ ಮುಖ್ಯ ಗ್ರಂಥಪಾಲಕಿಯವರು ಎರಡು ವರ್ಷಗಳ ಹಿಂದೆ ಒಂದು ಕ್ರಮವನ್ನು ಜಾರಿಗೆ ತಂದರು. ಪ್ರಾಣಿ ಬದುಕುಳಿಯುವ ಪುಸ್ತಕದ ಬೆನ್ನಿಗೆ ಹಸಿರು ಚುಕ್ಕಿ; ಉಳಿಯದ ಪುಸ್ತಕಕ್ಕೆ ಕೆಂಪು.

ಓದಿ ಚುಕ್ಕಿ ಅಂಟಿಸುವ ಕೆಲಸ ಬಿದ್ದದ್ದು ಏಳು ವರ್ಷಗಳಿಂದ ತಾತ್ಕಾಲಿಕ ಸಹಾಯಕನಾಗಿಯೇ ಉಳಿದಿದ್ದ, ದಪ್ಪ ಮೀಸೆಯ, ಬೆಣ್ಣೆಯಂಥ ಮನಸ್ಸಿನ ಒಬ್ಬ ಗೃಹಸ್ಥನ ಮೇಲೆ. ಮಕ್ಕಳು ಅವನನ್ನು ಚುಕ್ಕಿ ಮಾಮ ಎಂದು ಕರೆಯತೊಡಗಿದರು. ಅವನು ಶ್ರದ್ಧಾವಂತ. ಒಂದೊಂದು ಪುಸ್ತಕವನ್ನೂ ಮೊದಲ ಅಕ್ಷರದಿಂದ ಓದುತ್ತಿದ್ದ. ಕೊನೆಯ ಅಧ್ಯಾಯವನ್ನು ಮಾತ್ರ ಓದಿ ಮುಗಿಸುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಒಂದು ಕತ್ತೆಯ ಕತೆಯನ್ನು ಕಡೆಯ ಪುಟದವರೆಗೆ ಓದಿ ಮೂರು ದಿನ ಜ್ವರದಲ್ಲಿ ಮಲಗಿದ್ದವನಿಗೆ, ಅಂದಿನಿಂದ ಯಾವ ಪ್ರಾಣಿಯ ಅಂತ್ಯವನ್ನೂ ಎದುರಿಸುವ ಧೈರ್ಯವಿರಲಿಲ್ಲ. ಪ್ರಾಣಿಗೆ ಕಷ್ಟ ಒದಗಿತೆಂಬ ಸುಳಿವು ಸಿಕ್ಕೊಡನೆ ಪುಸ್ತಕ ಮುಚ್ಚಿ, ಒಂದು ಲೋಟ ನೀರು ಕುಡಿದು, ಹೊರರಟ್ಟಿನ ಚಿತ್ರವನ್ನು ನೋಡುತ್ತಿದ್ದ. ನಾಯಿ ಬಾಲವೆತ್ತಿ ನಿಂತಿದ್ದರೆ ಹಸಿರು. ಹಿಂದೆ ಸೂರ್ಯ ಮುಳುಗುತ್ತಿದ್ದರೆ ಕೆಂಪು. ಎರಡು ವರ್ಷಗಳಲ್ಲಿ ಒಂದು ದೂರೂ ಬಾರದ ಕಾರಣ, ತನ್ನ ಕಣ್ಣಳತೆ ಅಚ್ಚುಕಟ್ಟಾದುದೆಂದು ಅವನು ನಂಬಿದ್ದ.

ಹೀಗಿರಲು ಒಂದು ದಿನ ಬೆಳಗ್ಗೆ ಹತ್ತೂವರೆಗೆ ಮೊದಲ ದೂರು ಬಂದಿತು. ಊರಿಗೆ ಬಂದು ಇನ್ನೂ ವಾರವಾಗದ ಒಬ್ಬ ತಾಯಿ ಆನೆಯ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು, ಇದಕ್ಕೆ ಹಸಿರು ಅಂಟಿಸಿದವರು ಯಾರೆಂದು ಕೇಳಿದಳು.

"ಆನೆ ನೂರ ನಲವತ್ತನೇ ಪುಟದಲ್ಲಿ ಬಾವಿಗೆ ಬಿತ್ತು. ನೂರ ನಲವತ್ತೆಂಟಾದ್ರೂ ಮೇಲೆ ಬರ್ಲಿಲ್ಲ. ಪುಸ್ತಕವೇ ಮುಗಿದುಹೋಯ್ತು ಕಣ್ರೀ. ನನ್ನ ಮಗ ನಿನ್ನೆಯಿಂದ ಊಟ ಮುಟ್ಟಿಲ್ಲ."

ಆನೆ ತೀರಿಕೊಂಡ ಸುದ್ದಿ ಆಗಷ್ಟೇ ತಿಳಿದ ಚುಕ್ಕಿ ಮಾಮನ ಕಣ್ಣುಗಳು ತುಂಬಿ ಮೀಸೆ ಅದುರತೊಡಗಿತು. ಬೈಯಲು ಬಂದವಳು ಅವನಿಗೆ ನೀರು ಕೊಟ್ಟು, ಸಮಾಧಾನ ಹೇಳಿ ಹೋಗಬೇಕಾಯಿತು.

ಇಷ್ಟನ್ನೂ ಮೂಲೆಯಲ್ಲಿ ಕುಳಿತು ಕೇಳಿಸಿಕೊಂಡವನು ಬೈಂಡರ್ ಅಣ್ಣ. ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ಹಿಟ್ಟಿನ ಅಂಟು ಬಳಿಯುವುದು ಅವನ ಉದ್ಯೋಗ; ಕಂಡವರ ಎದೆಯಲ್ಲಿ ಹುಳು ಬಿಡುವುದು ಅವನ ಹವ್ಯಾಸ. ಅವನು ಬ್ರಷ್ಷನ್ನು ಅಂಟಿನ ಡಬ್ಬಿಗೆ ಅದ್ದುತ್ತ, ಬಾವಿಗೆ ಬಿದ್ದ ಆನೆಯನ್ನು ಅಲ್ಲೇ ಬಿಡುವಂತೆ ಹೇಳಿ, 'ದೋಣಿಕಟ್ಟೆಯ ಕರಿಯ' ಎಂಬ ಪುಸ್ತಕ ಈಗ ಯಾರ ಮನೆಯಲ್ಲಿದೆ ಎಂದು ವಿಚಾರಿಸಿದ.

ಚುಕ್ಕಿ ಮಾಮ ನೀರಿನ ಲೋಟ ಕೆಳಗಿಟ್ಟು ಎರವಲಿನ ದಾಖಲೆ ವಹಿಯನ್ನು ಎಳೆದುಕೊಂಡ. ಆ ಪುಸ್ತಕಕ್ಕೆ ಚಿತ್ರವೇ ಇರಲಿಲ್ಲ. ಹಳೆಯ ರಟ್ಟು ಹರಿದುಹೋಗಿ, ಬೈಂಡರ್ ಅಣ್ಣ ಬರಿಯ ಬೂದು ಬಟ್ಟೆ ಹೊದಿಸಿದ್ದ. ದೋಣಿಯವನೊಬ್ಬನ ಮುದಿನಾಯಿಯ ಕತೆಯದು. ಹೊಳೆ ತುಂಬಿ ಹರಿಯುತ್ತಿದೆ, ದೋಣಿ ಮಗುಚಿದೆ, ಯಜಮಾನ ಮುಳುಗುತ್ತಿದ್ದಾನೆ. "ಕರಿಯ ನೀರಿಗೆ ಹಾರಿತು" ಎಂಬ ವಾಕ್ಯದ ಬಳಿ ಚುಕ್ಕಿ ಮಾಮ ಪುಸ್ತಕ ಮುಚ್ಚಿಬಿಟ್ಟಿದ್ದ. ಆಮೇಲೆ ಆ ನಾಯಿಯ ಮೇಲಿನ ಪ್ರೀತಿಯೊಂದನ್ನೇ ನೆಚ್ಚಿ, ಕಣ್ಣು ಮುಚ್ಚಿಕೊಂಡು ಹಸಿರು ಅಂಟಿಸಿದ್ದ.

ಪುಸ್ತಕವಿದ್ದುದು ದಂತವೈದ್ಯರ ಮನೆಯಲ್ಲಿ. ದಂತವೈದ್ಯರೆಂದರೆ ಗ್ರಂಥಾಲಯ ಸಮಿತಿಯ ಅಧ್ಯಕ್ಷರು. ತಾತ್ಕಾಲಿಕರಲ್ಲಿ ಯಾರನ್ನು ಕಾಯಂ ಮಾಡಬೇಕೆಂಬ ಪಟ್ಟಿಗೆ ಆ ದಿನವೇ, ಸಂಜೆ ಐದಕ್ಕೆ, ಅವರು ಸಹಿ ಹಾಕುವವರಿದ್ದರು. ಅವರ ಮನೆಯಲ್ಲಿ ದಿನಕ್ಕೊಂದು ಅಧ್ಯಾಯದಂತೆ ನಾಲ್ಕು ಗಂಟೆಗೆ ಎಲ್ಲರೂ ಕೂಡಿ ಕತೆ ಓದುವ ಪದ್ಧತಿ. ದಿನಗಳನ್ನು ಬೆರಳಲ್ಲಿ ಎಣಿಸಿ ನೋಡಿದರೆ ಇಂದು ಹದಿಮೂರನೆಯ ಅಧ್ಯಾಯ, ಅದೇ ಕೊನೆಯದು. ಊರಿಗೆಲ್ಲ ಇದ್ದುದು ಅದೊಂದೇ ಪ್ರತಿ.

"ಮುದಿ ನಾಯಿ. ಮುರುಕು ದೋಣಿ. ತುಂಬಿದ ಹೊಳೆ," ಎಂದು, ಆ ಕತೆಯನ್ನು ಹಿಂದೆ ಚುಕ್ಕಿ ಮಾಮನ ಬಾಯಿಂದಲೇ ಕೇಳಿದ್ದ ಬೈಂಡರ್ ಅಣ್ಣ ಒಂದೊಂದಾಗಿ ಎಣಿಸಿದ. "ಇನ್ನೇನಯ್ಯಾ ಬೇಕು? ನಾನಾಗಿದ್ರೆ ಕೆಂಪು ಬಿಟ್ಟು ಕಪ್ಪೇ ಅಂಟಿಸ್ತಿದ್ದೆ."

"ನೀನೇ ಬೈಂಡ್ ಮಾಡಿದ್ದಲ್ವಣ್ಣಾ, ಕೊನೆ ಪುಟ ಕಣ್ಣಿಗೆ ಬೀಳ್ಲಿಲ್ವಾ?"

"ನಾನು ಹೊಲಿಯೋನು ಕಣಯ್ಯ, ಓದೋನಲ್ಲ."

ಆದರೂ ಪುಕ್ಕಟೆ ಸಲಹೆಗೆ ಅವನಲ್ಲಿ ಬರವಿರಲಿಲ್ಲ. ಹೊಲಿಗೆ ಬಿಚ್ಚಿದೆ ಎಂದು ನೆಪ ಹೇಳಿ ಪುಸ್ತಕವನ್ನು ವಾಪಸು ತರಬೇಕು. ಕೊಡದಿದ್ದರೆ ಹೊಲಿಗೆ ನೋಡುವ ನೆವದಲ್ಲಿ ಕೊನೆಯ ಹದಿನಾರು ಪುಟಗಳ ಮಡಿಕೆಯನ್ನು ಹಿಡಿದು ಒಂದೇ ಸಲ ಎಳೆಯಬೇಕು. ಬಾಳೆಹಣ್ಣಿನ ಸಿಪ್ಪೆಯಂತೆ ಸದ್ದಿಲ್ಲದೆ ಕೈಗೆ ಬರುತ್ತದೆ. ತಾನು ಹಾಕಿದ ಹೊಲಿಗೆಯ ಬಗ್ಗೆ ಬೈಂಡರ್ ಅಣ್ಣನಿಗೆ ಅಷ್ಟು ಭರವಸೆಯಿತ್ತು.

ಮೂರು ಗಂಟೆಗೆ ಚುಕ್ಕಿ ಮಾಮ ದಂತವೈದ್ಯರ ಮನೆ ತಲುಪಿದ. ಕೆಳಗೆ ಚಿಕಿತ್ಸಾಲಯ, ಮೇಲೆ ಮನೆ. ಮೆಟ್ಟಿಲಿಗೆ ಹೋಗಬೇಕಾದರೆ ರೋಗಿಗಳ ಬೆಂಚನ್ನು ದಾಟಿಯೇ ಹೋಗಬೇಕು. ದಾಟುವಷ್ಟರಲ್ಲಿ ಬಾಗಿಲು ತೆರೆದು ದಂತವೈದ್ಯರೇ ಎದುರು ನಿಂತರು. ಕಂಠಪಾಠ ಮಾಡಿದ್ದ ಮಾತೆಲ್ಲ ಗಾಳಿಗೆ ಹಾರಿಹೋಯಿತು. ಅವನ ಕಣ್ಣ ಮುಂದೆ ಬಂದದ್ದು ಹೊಳೆಯ ನಡುವೆ ತಲೆಯೆತ್ತಿ ಈಜುತ್ತಿರುವ ಕರಿಯ. ಕಣ್ಣೀರು ಧಾರೆಯಾಗಿ ಇಳಿಯಿತು. ಅದನ್ನು ಮರೆಮಾಡಲೆಂದು ಕೆನ್ನೆಗೆ ಕೈಯೊತ್ತಿದ.

ಕೆನ್ನೆಯ ಮೇಲೆ ಕೈ, ಕಣ್ಣಲ್ಲಿ ನೀರು ಕಂಡ ದಂತವೈದ್ಯರಿಗೆ ಬೇರೆ ವಿವರಣೆ ಬೇಕಿರಲಿಲ್ಲ.

"ಇಷ್ಟು ನೋವಿಟ್ಕೊಂಡು ಅದೆಷ್ಟು ದಿನದಿಂದ ಓಡಾಡ್ತಿದ್ದೀರಿ?" ಎಂದು ಮರುಗುತ್ತ ಅವನ ತೋಳು ಹಿಡಿದು ಕುರ್ಚಿಗೆ ಸಾಗಿಸಿದರು. ಸಾಲಿನಲ್ಲಿದ್ದ ರೋಗಿಗಳೂ ಪಾಪವೆಂದು ದಾರಿ ಬಿಟ್ಟರು. ದುರದೃಷ್ಟಕ್ಕೆ ಅವನ ಬಾಯಲ್ಲಿ ಹುಳುಕು ಹಲ್ಲೊಂದು ನಿಜವಾಗಿಯೂ ಇತ್ತು. ತಾನು ಬಂದದ್ದು ಹಲ್ಲಿಗಲ್ಲ ಎಂದು ಅವನು ಹೇಳಲೆತ್ನಿಸಿದನಾದರೂ, ಕನ್ನಡಿ, ಹತ್ತಿ ಮತ್ತು ಎರಡು ಬೆರಳುಗಳು ತುಂಬಿದ ಬಾಯಿಂದ ಹೊರಟ ಆ ವಾಕ್ಯವನ್ನು ವೈದ್ಯರು ನೋವಿನ ನರಳಾಟವೆಂದೇ ಭಾವಿಸಿ ಇನ್ನೊಂದು ಚುಚ್ಚುಮದ್ದು ಕೊಟ್ಟರು. ಹಲ್ಲು ಹೊರಬಂತು. ಅರ್ಧ ಮುಖ ಒದ್ದೆ ಗೋಡೆಯಂತೆ ಮರಗಟ್ಟಿತು.

ಕೈ ತೊಳೆಯುತ್ತ ವೈದ್ಯರು ಗಡಿಯಾರ ನೋಡಿದರು. ನಾಲ್ಕಕ್ಕೆ ಐದು ನಿಮಿಷ. ಪುಸ್ತಕ ಕೊಟ್ಟವರು ನೀವೇ, ಕೊನೆಯ ಅಧ್ಯಾಯಕ್ಕೆ ನೀವೂ ಇರಬೇಕು, ಎಂದು ಅವನನ್ನು ಪ್ರೀತಿಯಿಂದ ಮೆಟ್ಟಿಲು ಹತ್ತಿಸಿದರು.

ಮೇಲಿನ ಹಜಾರದಲ್ಲಿ ವೈದ್ಯರ ತಾಯಿ ಕನ್ನಡಕ ಹಾಕಿಕೊಂಡು, ಮಡಿಲಲ್ಲಿ ಇಸ್ತ್ರಿ ಮಾಡಿದ ಕರ್ಚೀಫು ಹರವಿಕೊಂಡು ಸಿದ್ಧವಾಗಿ ಕುಳಿತಿದ್ದರು. ಮೂರನೆಯ ತರಗತಿಯ ಮೊಮ್ಮಗಳು ಪುಟ್ಟಿ ಕಾಲು ಮಡಿಚಿ ನೆಲದ ಮೇಲೆ. ಅವಳ ಪಕ್ಕದಲ್ಲಿ ಮನೆಯ ನಾಯಿ. ಅದರ ಹೆಸರು ದೊರೆ, ಗಾತ್ರ ಹಾಸಿಗೆಯ ಸುರುಳಿಯದು. ಚುಕ್ಕಿ ಮಾಮ ಕೈಸನ್ನೆಯಿಂದಲೂ ಅರ್ಧ ತುಟಿಯಿಂದಲೂ ಪುಸ್ತಕದ ಹೊಲಿಗೆ ಸಡಿಲವಾಗಿದೆಯೆಂದೂ ಒಯ್ಯಬೇಕೆಂದೂ ತಿಳಿಸಿದ. ಒಂದೇ ಅಧ್ಯಾಯ ಉಳಿದಿರುವಾಗ ಒಯ್ಯುವುದೆಂತು ಎಂದು ಅಜ್ಜಿ ಒಪ್ಪಲಿಲ್ಲ; ಬೇಕಾದರೆ ನೋಡಿಕೊಡಲಿ ಎಂದು ಪುಸ್ತಕ ನೀಡಿದರು. ಅವನು ಕಿಟಕಿಯ ಕಡೆ ತಿರುಗಿ, ಕೆಮ್ಮುತ್ತ, ಕೊನೆಯ ಮಡಿಕೆಯನ್ನು ಎಳೆದ. ಬೈಂಡರ್ ಅಣ್ಣ ಹೇಳಿದಂತೆಯೇ ಅದು ಸದ್ದಿಲ್ಲದೆ ಬಂದು ಅಂಗಿಯೊಳಗೆ ಸೇರಿತು.

ಅಜ್ಜಿ ಓದತೊಡಗಿದರು. ಮಳೆ, ಹೊಳೆ, ಮಗುಚಿದ ದೋಣಿ. ದನಿಯನ್ನು ನಡುಗಿಸಿ, "ಕರಿಯ ನೀರಿಗೆ ಹಾರಿತು" ಎಂದು ಓದಿ, ಒಂದು ಕೈಯಲ್ಲಿ ಕರ್ಚೀಫು ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಪುಟ ತಿರುವಿದರು. ಎದುರಾದದ್ದು ಬೂದು ರಟ್ಟು.

ಅಜ್ಜಿ ಪುಸ್ತಕವನ್ನು ತಲೆಕೆಳಗಾಗಿ ಅಲ್ಲಾಡಿಸಿದರು. ವೈದ್ಯರ ಹುಬ್ಬು ಗಂಟಾಯಿತು. ಪುಟಗಳಿಲ್ಲದ ಪುಸ್ತಕವನ್ನು ಮನೆಗೆ ಕೊಡುವುದು ಗ್ರಂಥಾಲಯಕ್ಕೆ ಶೋಭೆಯಲ್ಲವೆಂದು ಗಂಭೀರವಾಗಿ ಹೇಳಿ, ಓದಿಯೇ ಚುಕ್ಕಿ ಅಂಟಿಸಿದವರಲ್ಲವೇ, ಮಿಕ್ಕದ್ದನ್ನು ನೀವೇ ಹೇಳಿ ಮುಗಿಸಿ ಎಂದು ಅಪ್ಪಣೆ ಮಾಡಿದರು.

ಚುಕ್ಕಿ ಮಾಮ ಹೇಳಿದ. ಮರಗಟ್ಟಿದ ತುಟಿಯಿಂದ ಪ, ಬ, ಮ ಅಕ್ಷರಗಳೆಲ್ಲ ಗಾಳಿಯಾಗಿ ಸೋರಿಹೋಗುತ್ತಿದ್ದರೂ ಛಲ ಬಿಡದೆ ಹೇಳಿದ. ಕರಿಯ ಈಜಿ ಹೋಗಿ ಯಜಮಾನನ ಕೊರಳಪಟ್ಟಿ ಕಚ್ಚಿ ದಡಕ್ಕೆಳೆಯಿತು. ಆಮೇಲೆ ಮರಳಿ ಹೋಗಿ ದೋಣಿಯನ್ನೂ ಎಳೆಯಿತು. ಊರಿನವರು ಅದಕ್ಕೊಂದು ಮನೆ ಕಟ್ಟಿಸಿಕೊಟ್ಟರು. ಕರಿಯ ಇನ್ನೂ ಮೂವತ್ತು ವರ್ಷ ಸುಖವಾಗಿ ಬಾಳಿತು.

"ಮೂವತ್ತಾ?" ಎಂದಳು ಪುಟ್ಟಿ. ಪಕ್ಕದಲ್ಲಿದ್ದ ದೊರೆಯನ್ನೊಮ್ಮೆ, ಚುಕ್ಕಿ ಮಾಮನನ್ನೊಮ್ಮೆ ನೋಡಿದಳು.

ಅಜ್ಜಿ ಕನ್ನಡಕ ತೆಗೆದರು. "ಹದಿಮೂರು ದಿನ ಕಾದಿದ್ದು ಇದಕ್ಕೇನಪ್ಪಾ? ಚೆನ್ನಾಗಿ ಒಂದ್ಸಲ ಅಳೋಣ ಅಂತ ಕೂತಿದ್ದೆ ನಾನು."

ಚುಕ್ಕಿ ಮಾಮನಿಗೆ ಏನೊಂದೂ ತಿಳಿಯಲಿಲ್ಲ. ಪುಟ್ಟಿ ದಡ್ಡ ಸಹಪಾಠಿಗೆ ಲೆಕ್ಕ ಹೇಳಿಕೊಡುವಂತೆ ತಾಳ್ಮೆಯಿಂದ ವಿವರಿಸಿದಳು.

"ಮಾಮ, ನಿಮ್ಮ ಚುಕ್ಕಿ ಯಾವಾಗ್ಲೂ ಉಲ್ಟಾ. ಹಸಿರು ಅಂದ್ರೆ ಸಾಯುತ್ತೆ, ಕೆಂಪು ಅಂದ್ರೆ ಬದುಕುತ್ತೆ. ನಮ್ಮ ಸ್ಕೂಲಲ್ಲಿ ಎಲ್ರಿಗೂ ಗೊತ್ತು. ಅಪ್ಪ ಅಮ್ಮಂದಿರಿಗೂ ನಾವೇ ಹೇಳಿಕೊಟ್ಟಿದ್ದೀವಿ. ಅಜ್ಜಿಗೆ ಅಳೋ ಕತೆ ಇಷ್ಟ ಅಂತ ನಾನು ಹುಡುಕಿ ಹುಡುಕಿ ಹಸಿರು ತಂದೆ."

ಎರಡು ವರ್ಷ ದೂರು ಬಾರದ ಗುಟ್ಟು ಚುಕ್ಕಿ ಮಾಮನನ್ನೂ ಊರಿಗೆ ಹೊಸಬಳಾದ ಆ ತಾಯಿಯನ್ನೂ ಬಿಟ್ಟು ಜಗತ್ತಿಗೆಲ್ಲ ತಿಳಿದಿತ್ತು. ವೈದ್ಯರೂ ನಗುತ್ತ ತಲೆಯಾಡಿಸಿದರು. ಒಂದು ಸಲವೂ ಸರಿಹೋಗದ ಮನುಷ್ಯನೆಂದರೆ ಒಂದು ಸಲವೂ ಮೋಸ ಮಾಡದ ಮನುಷ್ಯನೆಂದೇ ಅರ್ಥವಲ್ಲವೇ, ಅಂಥ ನಂಬಿಗಸ್ತ ಮತ್ತೆ ಸಿಕ್ಕುವುದಿಲ್ಲ, ಅವರನ್ನು ಕಾಯಂ ಮಾಡಲೇಬೇಕು ಎಂದು ಮಗಳು ಪುಟ್ಟಿಯೇ ಹಟ ಹಿಡಿದಿದ್ದಳಂತೆ. ಪಟ್ಟಿಯಲ್ಲಿ ಅವನ ಹೆಸರು ಮೊದಲನೆಯದಾಗಿತ್ತು. ಜೇಬಿನಿಂದ ಪೆನ್ನು ತೆಗೆದು, ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿಯೂ ಆಯಿತು.

ಆ ಗಳಿಗೆಯಲ್ಲಿ ದೊರೆ ಎದ್ದಿತು. ಹಿಟ್ಟಿನ ಅಂಟಿನ ಪರಿಮಳವನ್ನು ಅದು ಬಹಳ ಹೊತ್ತಿನಿಂದ ಅನುಭವಿಸುತ್ತಿತ್ತು. ಚುಕ್ಕಿ ಮಾಮನ ಹೊಟ್ಟೆಗೆ ಮೂತಿಯಿಟ್ಟು, ಎರಡು ಗುಂಡಿ ಕಿತ್ತು, ಹದಿನಾರು ಪುಟಗಳನ್ನು ಬಾಯಲ್ಲಿ ಹಿಡಿದು ತಂದು ಅಜ್ಜಿಯ ಪಾದದ ಬಳಿ ಇಟ್ಟಿತು.

ಅಜ್ಜಿ ಪುಟಗಳನ್ನು ಒರೆಸಿ ಅವನ ಕೈಗೇ ಕೊಟ್ಟು, "ಕಿತ್ತವರೇ ಓದಿ," ಎಂದರು.

ಕತ್ತೆಯ ಜ್ವರದ ನಂತರ ಮೊದಲ ಬಾರಿಗೆ ಚುಕ್ಕಿ ಮಾಮ ಒಂದು ಕೊನೆಯ ಅಧ್ಯಾಯವನ್ನು ಓದಿದ. ತುಟಿ ಇನ್ನೂ ಜೋತುಬಿದ್ದಿತ್ತು. ಕರಿಯ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ಅಜ್ಜಿ ಕರ್ಚೀಫನ್ನು ಕಣ್ಣಿನ ಹತ್ತಿರಕ್ಕೆ ಒಯ್ದರು. ಕಡೆಯ ಪುಟದಲ್ಲಿ ಬೆಳಗಾಯಿತು. ಕರಿಯ ಯಜಮಾನನನ್ನು ದಡಕ್ಕೆಳೆದು ತಂದು, ಮೈ ಕೊಡವಿ, ಅವನ ಬೂಟಿನ ಮೇಲೆ ತಲೆಯಿಟ್ಟು ನಿದ್ದೆ ಮಾಡಿತು. ಗೊರಕೆಯನ್ನೂ ಹೊಡೆಯಿತು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು.

ನಾಯಿ ಬದುಕಿತ್ತು. ಹಸಿರು ಸರಿಯಾಗಿತ್ತು. ಆ ಕೋಣೆಯಲ್ಲಿ ಗಳಗಳನೆ ಅತ್ತವನು ಚುಕ್ಕಿ ಮಾಮನೊಬ್ಬನೇ, ಅದೂ ಸಂತೋಷದಿಂದ.

ತಲೆಯೆತ್ತಿ ನೋಡಿದಾಗ ಪುಟ್ಟಿಯ ಮುಖ ಬಿಳಿಚಿಕೊಂಡಿತ್ತು.

"ಸರಿಯಾಗಿಬಿಟ್ರಲ್ಲ ಮಾಮ," ಎಂದಳು ಮೆಲ್ಲಗೆ. "ಇನ್ಮೇಲೆ ಹಸಿರು ಕಂಡ್ರೆ ಏನು ಅಂದ್ಕೋಬೇಕು ನಾವು?"

ಪ್ರಶ್ನೆ ನ್ಯಾಯವಾದುದೆಂದು ವೈದ್ಯರಿಗೂ ತೋರಿತು. ಎಂದೂ ಸರಿ ಹೇಳದವನನ್ನು ನಂಬಬಹುದು, ಎಂದೂ ತಪ್ಪು ಹೇಳದವನನ್ನೂ ನಂಬಬಹುದು; ಒಮ್ಮೊಮ್ಮೆ ಸರಿಹೋಗುವವನನ್ನು ಏನು ಮಾಡುವುದು? ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ಕಚ್ಚಿ, ಅವನ ಹೆಸರಿನ ಮುಂದೆ 'ಮುಂದಿನ ವರ್ಷ ಪರಿಶೀಲಿಸುವುದು' ಎಂದು ಬರೆದರು. ನಾನೂರ ಹನ್ನೆರಡು ಪುಸ್ತಕಗಳ ಕೊನೆಯ ಅಧ್ಯಾಯವನ್ನೂ ಅವನೇ ಓದಿ ಚುಕ್ಕಿಗಳನ್ನು ಮರಳಿ ಅಂಟಿಸತಕ್ಕದ್ದೆಂದು ಕೆಳಗೆ ಸೇರಿಸಿದರು. ಹಲ್ಲಿಗೆ ಮಾತ್ರ ಏನೂ ತೆಗೆದುಕೊಳ್ಳಲಿಲ್ಲ.

ಮಾರನೆಯ ಬೆಳಗ್ಗೆ ಚುಕ್ಕಿ ಮಾಮ ಊದಿದ ಕೆನ್ನೆಯೊಡನೆ ಕಪಾಟಿನ ಮುಂದೆ ಕುಳಿತ. ಎಲ್ಲಿಂದ ತೊಡಗಿದರೆ ಜೀವಕ್ಕೆ ಹಗುರವೆಂದು ಯೋಚಿಸಿ, ಸುರಕ್ಷಿತವೆಂದು ಒಂದು ಆಮೆಯ ಪುಸ್ತಕವನ್ನು ಆರಿಸಿಕೊಂಡ. ಹತ್ತು ನಿಮಿಷದಲ್ಲಿ ಮೀಸೆ ಅದುರತೊಡಗಿತು. ಬೈಂಡರ್ ಅಣ್ಣ ಏನಾಯಿತೆಂದು ಕೇಳಿದ.

"ಆಮೆ ಬದುಕಿದೆ ಅಣ್ಣ, ಮುನ್ನೂರು ವರ್ಷ," ಎಂದ ಚುಕ್ಕಿ ಮಾಮ ಬಿಕ್ಕುತ್ತ. "ಅದನ್ನ ಬಿಟ್ಟು ಪುಸ್ತಕದಲ್ಲಿದ್ದೋರೆಲ್ಲ ಹೋದ್ರು."

ಒಂದು ಬೆರಳಿನ ತುದಿಯಲ್ಲಿ ಹಸಿರು, ಇನ್ನೊಂದರ ತುದಿಯಲ್ಲಿ ಕೆಂಪು ಚುಕ್ಕಿ ಹಿಡಿದು ಅವನು ಕುಳಿತೇ ಇದ್ದ. ಯಾವುದನ್ನು ಅಂಟಿಸಿದನೆಂದು ನೋಡಿ ಹೇಳಬೇಕಾದದ್ದು ಕತೆ ಹೇಳುವ ನನ್ನ ಧರ್ಮವೇ ಸರಿ. ಆದರೆ ಮಧ್ಯಾಹ್ನದ ಬಸ್ಸು ಹಾರ್ನ್ ಹೊಡೆಯುತ್ತಿದೆ, ನನ್ನ ಗಂಟು ಕಟ್ಟಿಯಾಗಿದೆ, ಚಪ್ಪಲಿಯ ಒಂದು ಪಟ್ಟಿಯಷ್ಟೇ ಬಾಕಿ. ಅಗೋ, ಅದನ್ನೂ ಬಿಗಿದೆ. ಮಹಾಶಯರೇ, ನಾನಿನ್ನು ಹೊರಟೆ.