ಅರ್ಧ ಕಿಲೋ ಆಕಾಶ

ಆ ಭಾನುವಾರ ಬೆಳಿಗ್ಗೆ ಅರ್ಧ ಕಿಲೋ ಬದನೆಕಾಯಿ ತರಲು ಹೋದ ಜಯತೀರ್ಥ, ಬದನೆಕಾಯಿ ಇದ್ದ ತಟ್ಟೆಯನ್ನು ಬಿಟ್ಟು ತಕ್ಕಡಿಯ ಇನ್ನೊಂದು ತಟ್ಟೆಯನ್ನೇ ನೋಡುತ್ತ ನಿಂತ.

ಅಲ್ಲಿದ್ದದ್ದು ಒಂದು ಕಲ್ಲು. ದಶಮಾನ ಪದ್ಧತಿ ಬಂದು ವರ್ಷಗಳಾಗಿದ್ದರೂ, ವಸ್ತ್ರಾಪುರದಿಂದ ನವರಂಗಪುರಕ್ಕೆ ತರಕಾರಿ ಹೊತ್ತು ತರುವ ಕಮಲಾಬೆನ್ ಪಾಲಿಗೆ ಅರ್ಧ ಕಿಲೋ ಎಂದರೆ ಆ ಕಲ್ಲೇ. ಕಪ್ಪಗೆ ಹೊಳೆಯುತ್ತಿತ್ತು. ಕಲಸಿದ ಹಿಟ್ಟಿಗೆ ಹೆಬ್ಬೆರಳು ಒತ್ತಿದಂತೆ ಅಲ್ಲಲ್ಲಿ ತಗ್ಗು. ಜಯತೀರ್ಥ ಜೇಬಿನಿಂದ ಅಯಸ್ಕಾಂತ ತೆಗೆದ. ಬೇರೆಯವರ ಜೇಬಿನಲ್ಲಿ ಬಾಚಣಿಗೆ ಇರುವಂತೆ ಅವನ ಜೇಬಿನಲ್ಲಿ ಅದು ಸದಾ ಇರುತ್ತಿತ್ತು. ಕಲ್ಲಿಗೆ ಟಕ್ಕೆಂದು ಅಂಟಿತು.

ಉಲ್ಕೆಯ ಕಲ್ಲು, ಸಂಶಯವೇ ಇಲ್ಲ.

ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಗುಮಾಸ್ತನಾಗಿದ್ದ ಜಯತೀರ್ಥನಿಗೆ ಎರಡು ವರ್ಷದಿಂದ ಈ ಹುಚ್ಚು. ಅಹಮದಾಬಾದು ಮರಳಿನ ಊರು. ಇಲ್ಲಿ ಕಲ್ಲು ಕಂಡರೆ ಅದು ಮೇಲಿಂದಲೇ ಬಿದ್ದಿರಬೇಕು ಎಂಬುದು ಅವನ ತರ್ಕ. ರೈಲ್ವೆಯವರು ಹಳಿಗೆ ಜಲ್ಲಿ ಹಾಕುವ ಸಂಗತಿ ಆ ತರ್ಕದೊಳಗೆ ಬರುತ್ತಿರಲಿಲ್ಲ. ಮಂಚದ ಕೆಳಗೆ ನಂಬರು ಅಂಟಿಸಿಕೊಂಡ ನಲವತ್ತಮೂರು ಕಲ್ಲುಗಳಿದ್ದವು. ಹೆಂಡತಿ ಇಂದುಮತಿ ಹಿಂದಿನ ದಿನವಷ್ಟೇ ತೀರ್ಪು ಕೊಟ್ಟಿದ್ದಳು.

"ನಾಳೆ ಸಂಜೆ ಆ ಡಾಕ್ಟರು ಬಂದು ನೋಡಲಿ. ಒಂದೇ ಒಂದು ಕಲ್ಲು ಆಕಾಶದ್ದು ಅಂದರೂ ಸರಿ, ಎಲ್ಲಾ ಮಂಚದ ಕೆಳಗೇ ಇರಲಿ. ಇಲ್ಲಾಂದ್ರೆ ಎಲ್ಲಾ ಹೊರಗೆ. ಎರಡು ವರ್ಷದಿಂದ ಅಲ್ಲಿ ಕಸ ಗುಡಿಸಿಲ್ಲ ನಾನು."

ಡಾಕ್ಟರೆಂದರೆ ಕಲ್ಲುಗಳ ಡಾಕ್ಟರು, ಉಲ್ಕೆಗಳನ್ನು ಪರೀಕ್ಷಿಸುವ ಪ್ರಯೋಗಾಲಯದ ಪಾಂಡುರಂಗ ಕುಲಕರ್ಣಿ, ಧಾರವಾಡದವರು. ಅವರು ಬರುವುದು ನಾಲ್ಕು ಗಂಟೆಗೆ.

"ಬೆನ್, ಈ ಕಲ್ಲು ನನಗೆ ಕೊಡಿ," ಎಂದ ಜಯತೀರ್ಥ ತನ್ನ ಹರಕು ಗುಜರಾತಿಯಲ್ಲಿ.

"ಕಲ್ಲು ಕೊಟ್ಟು ನಾನು ಏತರಲ್ಲಿ ತೂಗಲಿ ಭಾಯಿ, ನಿನ್ನ ತಲೆಯಲ್ಲೇ?"

ಜಯತೀರ್ಥ ಓಡಿಹೋಗಿ ಅಂಗಡಿಯಿಂದ ಸರ್ಕಾರದ ಮುದ್ರೆಯ, ಅರ್ಧ ಕಿಲೋದ ಹೊಸ ಕಬ್ಬಿಣದ ಬಟ್ಟು ತಂದ. ಕಮಲಾಬೆನ್ ಅದನ್ನೂ ತನ್ನ ಕಲ್ಲನ್ನೂ ತಕ್ಕಡಿಗೆ ಹಾಕಿದಳು. ಕಬ್ಬಿಣ ದಡ್ಡೆಂದು ಕೆಳಗೆ ಕೂತಿತು.

"ನೋಡಿದೆಯಾ? ನಿನ್ನ ಬಟ್ಟು ಎರಡು ಬದನೆಕಾಯಿ ಹೆಚ್ಚು ತೂಗುತ್ತೆ. ಇದನ್ನಿಟ್ಟರೆ ನಾನು ಉಪವಾಸ. ಕಲ್ಲು ಬೇಕಾದರೆ ಇಷ್ಟೇ ತೂಕದ, ಇಷ್ಟೇ ಗಾತ್ರದ ಕಲ್ಲು ತಾ. ದೊಡ್ಡದಿಟ್ಟರೆ ಜನ ಅದಕ್ಕೆ ತಕ್ಕ ತರಕಾರಿ ಕೇಳ್ತಾರೆ."

ಜಯತೀರ್ಥ ಮನೆಗೆ ಓಡಿದ. ಮಂಚದ ಕೆಳಗಿನ ಕಲ್ಲುಗಳನ್ನು ಕೈಚೀಲದಲ್ಲಿ ತುಂಬಿ ತಂದ. ಒಂದು ಹಗುರ, ಒಂದು ಭಾರ, ತೂಕ ಸರಿಹೋದದ್ದು ಗಾತ್ರದಲ್ಲಿ ದೊಡ್ಡದು. ಮತ್ತೆ ಓಡಿದ, ಮತ್ತೆ ತಂದ. ಮೂರನೆಯ ಸಲಕ್ಕೆ ಅಕ್ಕಪಕ್ಕದ ತರಕಾರಿಯವರೆಲ್ಲ ಸುತ್ತ ನೆರೆದು, ಪ್ರತಿ ಕಲ್ಲಿಗೂ ಹೆಣ್ಣು ನೋಡಲು ಬಂದವರಂತೆ ಅಭಿಪ್ರಾಯ ಕೊಡುತ್ತಿದ್ದರು.

ಈ ಓಡಾಟವನ್ನೆಲ್ಲ ಪಕ್ಕದ ಮನೆಯ ಹಯವದನ ಮಹಡಿಯಿಂದ ನೋಡುತ್ತಿದ್ದ. ಅದೇ ಕಚೇರಿ, ಅದೇ ವಿಭಾಗ, ಅದೇ ಬಸ್ಸು. ಆದರೆ ಮೂರು ವಾರದಿಂದ ಇಬ್ಬರಿಗೂ ಮಾತಿಲ್ಲ. ಉತ್ತರಾಯಣದ ದಿನ ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತಿದ್ದಾಗ, ಇಂದುಮತಿಯ ಸಂಡಿಗೆಯ ಮೇಲೆ ಕಲ್ಲೊಂದು ಬಿದ್ದು ಮೊರ ಮುರಿದಿತ್ತು. ಅದು ಹಯವದನ ಪಟ ಹಿಡಿಯಲು ದಾರ ಕಟ್ಟಿ ಎಸೆದ ಕಲ್ಲು ಎಂಬುದು ಜಯತೀರ್ಥನ ಆರೋಪ. ತಾನು ಎಸೆದೇ ಇಲ್ಲ ಎಂದು ಹಯವದನ ವಾದಿಸಿದ್ದ. ಅಂದಿನಿಂದ ಅವನು ಏನು ಹೇಳುವುದಿದ್ದರೂ ಗಾಳಿಗೆ ಹೇಳುತ್ತಿದ್ದ.

"ಕೆಲವರು ಕಲ್ಲು ಹೊತ್ತು ಮನೆ ಕಟ್ತಾರೆ. ಕೆಲವರು ಸುಮ್ಮನೆ ಹೊರ್ತಾರೆ," ಎಂದ ಗಾಳಿಗೆ.

ಜಯತೀರ್ಥ ಕೇಳಿಸದಂತೆ ಒಳಗೆ ಹೋದ. ತೂಗಿ ನೋಡದ ಕಲ್ಲು ಒಂದೂ ಉಳಿದಿರಲಿಲ್ಲ. ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಇಂದುಮತಿ ಶುಂಠಿ ಜಜ್ಜುವ ಕಲ್ಲು ಕಣ್ಣಿಗೆ ಬಿತ್ತು. ಅದೇ ಗಾತ್ರ. ಎತ್ತಿ ನೋಡಿದ, ಹೆಚ್ಚುಕಡಿಮೆ ಅದೇ ತೂಕ. ಇಂದುಮತಿ ಬಚ್ಚಲಲ್ಲಿದ್ದಳು.

ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತು. ಜನ ಹೋ ಎಂದರು. ಕಮಲಾಬೆನ್ ಹೊಸ ಕಲ್ಲಿಗೆ ಕುಂಕುಮ ಹಚ್ಚಿ ಕಣ್ಣಿಗೊತ್ತಿಕೊಂಡಳು. ಜಯತೀರ್ಥ ಹಳೆಯದನ್ನು ಎದೆಗೊತ್ತಿಕೊಂಡು ಮನೆಗೆ ಬಂದ. ಬದನೆಕಾಯಿ ಅಲ್ಲೇ ಉಳಿಯಿತು.

ನಾಲ್ಕು ಗಂಟೆಗೆ ಸರಿಯಾಗಿ ಡಾಕ್ಟರು ಬಂದರು. ಹಿಂದೆಯೇ ಹಯವದನನೂ ಬಂದು, "ಇಂದಮ್ಮ, ಡಾಕ್ಟರು ಬಂದಿದಾರಂತೆ, ನೋಡಿ ಹೋಗೋಣ ಅಂತ," ಎನ್ನುತ್ತ ಬಾಗಿಲ ಬಳಿ ಕೂತ. ನಲವತ್ತಮೂರು ಕಲ್ಲುಗಳನ್ನೂ ಡಾಕ್ಟರು ತಾಳ್ಮೆಯಿಂದ ನೋಡಿ ಮೇಜಿನ ಒಂದು ಕಡೆಗೆ ಸರಿಸಿದರು.

"ಇವೆಲ್ಲಾ ರೈಲ್ವೆ ಹಳಿ ಜಲ್ಲಿ ಅವ ರೀ. ಛಲೋ ಜಲ್ಲಿ."

ಜಯತೀರ್ಥ ಟವೆಲು ಬಿಚ್ಚಿ ಕಮಲಾಬೆನ್ನಳ ಕಲ್ಲು ಇಟ್ಟ. ಡಾಕ್ಟರು ಅರೆ ನಿಮಿಷವೂ ತೆಗೆದುಕೊಳ್ಳಲಿಲ್ಲ.

"ಇದು ಕಬ್ಬಿಣದ ಕಿಟ್ಟ. ಎರಕದ ಭಟ್ಟಿ ಹಿಂದ ರಾಶಿಗಟ್ಟಲೆ ಬಿದ್ದಿರ್ತದ. ಎಲ್ಲಿ ಸಿಕ್ಕಿತರೀ?"

ಜಯತೀರ್ಥ ಟವೆಲು ಮಡಿಸತೊಡಗಿದ. ಅಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು. "ರೀ, ಚಹಾಕ್ಕೆ ಶುಂಠಿ ಜಜ್ಜಬೇಕು, ನನ್ನ ಕಲ್ಲೆಲ್ಲಿ?"

ಕಲ್ಲುಗಳೆಲ್ಲ ಒಂದು ಕಡೆ ಸೇರಿದ್ದರಿಂದ ಮೇಜು ವಾಲಿತು. ಗಿಡ್ಡ ಕಾಲಿನ ಕೆಳಗೆ ಕೊಟ್ಟಿದ್ದ ಚೂರು ಹೊರಬಿತ್ತು. ಅದನ್ನು ಮತ್ತೆ ಇಡಲು ಬಗ್ಗಿದ ಡಾಕ್ಟರು ಬಗ್ಗಿದಲ್ಲೇ ಉಳಿದರು. ಚೂರಿನ ಒಂದು ಮೈ ಮಸಿಯಂತೆ ಕಪ್ಪು. ಒಡೆದ ಮೈ ಬೂದಿ ಬಣ್ಣ, ಅದರ ತುಂಬ ಸಣ್ಣ ಬೆಳ್ಳಿ ಚುಕ್ಕೆ. ಅವರು ಜಯತೀರ್ಥನ ಜೇಬಿಗೆ ಕೈಹಾಕಿ ಅಯಸ್ಕಾಂತ ತೆಗೆದರು. ಚೂರು ಎಗರಿ ಅಂಟಿಕೊಂಡಿತು.

"ತಂಗೀ, ಇದು ಎಲ್ಲಿಂದ ಬಂತವಾ?" ಡಾಕ್ಟರು ಚೂರನ್ನು ಅಡುಗೆಮನೆಯ ಬಾಗಿಲಿಗೆ ಒಯ್ದು ತೋರಿಸಿದರು.

"ಅದಾ? ನನ್ನ ಶುಂಠಿ ಕಲ್ಲಿಂದೇ ಚೂರು. ಸಂಡಿಗೆ ಮೇಲೆ ಬಿದ್ದಾಗ ಮುರೀತು. ಸಂಡಿಗೆ ಹೋಯ್ತು, ಕಲ್ಲಾದರೂ ಇರಲಿ ಅಂತ ಇಟ್ಕೊಂಡಿದ್ದೆ. ಅದನ್ನೇ ಈಗ ಹುಡುಕ್ತಾ ಇರೋದು."

ಎಲ್ಲರೂ ಜಯತೀರ್ಥನ ಕಡೆ ನೋಡಿದರು. ಹಯವದನ ಮೂರು ವಾರದ ಬಳಿಕ ಅವನೊಡನೆ ನೇರವಾಗಿ ಮಾತಾಡಿದ.

"ಮೇಲಿಂದ ಬಿತ್ತು ಅಂತ ಆವತ್ತೇ ಬಡ್ಕೊಂಡೆನಲ್ಲ ಸ್ವಾಮಿ. ಅರ್ಧ ಕಿಲೋ ಕಲ್ಲಿಗೆ ದಾರ ಕಟ್ಟಿ ಗಾಳಿಪಟ ಹಿಡಿಯೋರು ಯಾರಾದ್ರೂ ಉಂಟಾ?"

ಕಲ್ಲು ಕಮಲಾಬೆನ್ನಳ ತಕ್ಕಡಿಯಲ್ಲಿದೆ ಎಂದು ಜಯತೀರ್ಥ ಒಪ್ಪಿಕೊಂಡ ಮೇಲೆ ನಾಲ್ವರೂ ಮಾರುಕಟ್ಟೆಗೆ ಧಾವಿಸಿದರು. ಕಮಲಾಬೆನ್ ಕುಂಕುಮದ ಕಲ್ಲಿನಿಂದ ಬೆಂಡೆಕಾಯಿ ತೂಗುತ್ತಿದ್ದಳು. ಜಯತೀರ್ಥ ಕಿಟ್ಟದ ಕಲ್ಲು ಮುಂದೆ ಹಿಡಿದ. ಅವಳು ಅದನ್ನೂ ಅವನನ್ನೂ ನೋಡಿ, ಇಂದುಮತಿಯತ್ತ ತಿರುಗಿದಳು.

"ಬೆಳಿಗ್ಗೆ ಇದು ಬೇಕು ಅಂದ, ಸಂಜೆ ಅದು ಬೇಕು ಅಂತಾನೆ. ಒಬ್ಬನನ್ನೇ ಹೊರಗೆ ಬಿಡಬೇಡ ತಂಗೀ."

ಕಲ್ಲು ಸುಲಭವಾಗಿ ಸಿಕ್ಕಿತು. ಅವಳ ಪಾಲಿಗೆ ಎರಡರ ತೂಕವೂ ಒಂದೇ.

ಮನೆಗೆ ಬಂದ ಮೇಲೆ ಡಾಕ್ಟರು ನಮೂನೆ ತುಂಬಲು ಕೂತರು. ಕಲ್ಲು ಎತ್ತಿಟ್ಟುಕೊಂಡವರು, ಇಂದುಮತಿ. ಬಿದ್ದದ್ದು ಕಂಡವರು, ಹಯವದನ.

"ಬಿದ್ದ ದಿನ, ಹೊತ್ತು ಖಾತ್ರಿ ಬೇಕ್ರೀ. ಆಗಲೇ ಬರೆದಿಟ್ಟ ಕಾಗದ ಏನಾರ ಇದ್ರ ಬಂಗಾರದಂಥಾದ್ದು."

"ಇದೆ," ಎಂದು ಹಯವದನ ಮನೆಗೆ ಹೋಗಿ ಬಂದ. ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಗೆ ಜಯತೀರ್ಥ ಕೊಟ್ಟಿದ್ದ ದೂರಿನ ಪ್ರತಿ ಅವನ ಕೈಯಲ್ಲಿತ್ತು. ಕ್ಲೇಮು ವಿಭಾಗದ ಶಿಸ್ತು. ತಾರೀಖು, ಗಂಟೆ, ನಿಮಿಷ, ಕಲ್ಲು ಬಂದ ದಿಕ್ಕು, ಹಾಳಾದ ಸಂಡಿಗೆಯ ಪ್ರಮಾಣ, ಯಾವುದೂ ತಪ್ಪಿರಲಿಲ್ಲ. ಡಾಕ್ಟರು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು.

"ಸದರಿ ಕಲ್ಲು ಆಕಾಶದಿಂದ ಬಿತ್ತೆಂಬ ಹಯವದನರ ಹೇಳಿಕೆ ಶುದ್ಧ ಸುಳ್ಳು. ಆಕಾಶದಿಂದ ಕಲ್ಲು ಬೀಳುವುದಿಲ್ಲವೆಂಬುದು ಸಾಮಾನ್ಯ ಜ್ಞಾನವುಳ್ಳ ಯಾರಿಗಾದರೂ ತಿಳಿದದ್ದೇ."

ಕೆಳಗೆ ಜಯತೀರ್ಥನ ಸಹಿ ಇತ್ತು.

"ಇದನ್ನ ಕಲ್ಲಿನ ಜೋಡಿ ಕಡತದಾಗ ಇಡ್ತೀನ್ರಿ," ಎಂದು ಡಾಕ್ಟರು ಕಾಗದ ಮಡಿಸಿ ಜೇಬಿಗೆ ಹಾಕಿದರು.

"ನನ್ನ ಹೆಸರು?" ಎಂದ ಜಯತೀರ್ಥ ಮೆಲ್ಲಗೆ.

"ಕಾಗದದಾಗ ಅದ ಅಲ್ರೀ, ಸಹಿ ಸುದ್ದಾ."

ಅವರು ಹೋದ ಮೇಲೆ ಜಯತೀರ್ಥ ಕೊನೆಯ ಆಸೆಯಿಂದ ಹೆಂಡತಿಯ ಕಡೆ ನೋಡಿದ. "ಇಂದೂ, ಒಂದು ಕಲ್ಲು ಆಕಾಶದ್ದಾದರೂ ಸಾಕು ಅಂದಿದ್ದೆಯಲ್ಲ."

"ಅಂದಿದ್ದೆ. ಆದರೆ ಆ ಕಲ್ಲು ನನ್ನದು."

ಅವನು ಚೀಲ ತುಂಬಿ ಹೆಗಲಿಗೇರಿಸಿ ಮೆಟ್ಟಿಲಿಳಿಯುವಾಗ ಮೇಲಿಂದ ಅವಳ ಕೂಗು ಕೇಳಿಸಿತು.

"ರೀ, ಶುಂಠಿ ಜಜ್ಜೋಕೆ ಒಂದು ಬಿಟ್ಟು ಹೋಗಿ."

"ಯಾವ ನಂಬರು?"

"ಯಾವುದಾದರೂ ಕೊಡಿ. ಎಲ್ಲಾ ನೆಲದ್ದೇ ತಾನೆ."